ಗಿಳಿಗಿ ಖಾರ ಹತ್ತೂದಿಲ್ಲೇನ

ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನ ಹಿಂದೆ
ತಗಡಿನ ನೆರಳು. ಹನ್ನೊಂದು ಹೆಂಗಸರು.
ನಡುವೆ ಮೊಣಕಾಲೆತ್ತರ ಕೆಂಪು.
ಹೆಬ್ಬೆರಳ ಉಗುರಿಗೆ ಗೊತ್ತಿರುವುದು ಒಂದೇ ಕೆಲಸ:
ತೊಟ್ಟು ಬೇರೆ, ಕಾಯಿ ಬೇರೆ.
ಮುಕಾದಮ ತೂಕ ಬರೆದುಕೊಳ್ಳುತ್ತಾನೆ
ಸಿಗರೇಟು ಪಾಕೀಟಿನ ಬೆನ್ನ ಮೇಲೆ.
ಪರೀಕ್ಷೆ ಮುಗಿದ ರಜೆ. ನಾನೂ ಕೂತಿದ್ದೇನೆ,
ಪಿಯುಸಿ ಸೈನ್ಸ್, ಮೂಗಿಗೆ ವೇಲು ಸುತ್ತಿ.

ಫಕ್ಕೀರವ್ವ ಸೀನಿದಳು,
ಸೀನಿದ್ದಕ್ಕೆ ತನ್ನ ಮೂಗಿಗೇ ಬೈದಳು, ಆಮೇಲೆ ಕೇಳಿದಳು:
"ತಗಡಿನ ಮ್ಯಾಲಿನ ಗಿಳಿ ನೋಡು.
ಗಂಟಲತನಾ ತಿಂತೈತಿ, ಹನಿ ನೀರು ಬೇಡಂಗಿಲ್ಲ.
ಅದಕ್ಕ ಖಾರ ಹತ್ತೂದಿಲ್ಲೇನ?
ಕೇಳಲಾ, ನಿನ್ನ ಫೋನಿನ್ಯಾಗ
ಶಾಣ್ಯಾ ಮಂದಿ ಇರ್ತಾರಂತಲ್ಲ."

ಕೇಳಿದೆ. ಡಿಕ್ಷನರಿ ಹಿಡಿದು, ಇಂಗ್ಲಿಷಿನಲ್ಲಿ.
ಗೌರವಾನ್ವಿತ ಸರ್ ಎಂದು ಶುರು,
ತಮ್ಮ ವಿಧೇಯ ವಿದ್ಯಾರ್ಥಿನಿ ಎಂದು ಕೊನೆ,
ನಡುವೆ ಗಿಳಿ.

ಎರಡು ದಿನ ಏನೂ ಇಲ್ಲ.
ಮೂರನೆಯ ರಾತ್ರಿ, ಅಲ್ಲಿ ಹಗಲಿದ್ದಿರಬೇಕು,
ಉತ್ತರ ಬಂತು. ಸರ್ ಅಲ್ಲ, ಮೇಡಂ
ಎಂದು ಮೊದಲ ಸಾಲಿನಲ್ಲೇ ನಕ್ಕಿದ್ದರು. ಆಮೇಲೆ:

ನಾಲಿಗೆಯ ನರದ ತುದಿಗೆ ಒಂದು ಬಾಗಿಲು,
ಸುಡುವುದು ತಾಗಿದರೆ ತೆರೆಯಲೆಂದು ಇರುವುದು.
ಮೆಣಸಿನಕಾಯಿಯ ಹತ್ತಿರ ಅದಕ್ಕೊಂದು ಕಳ್ಳ ಕೀಲಿಕೈ.
ಬೆಂಕಿಯಿಲ್ಲ, ಆದರೂ ಬೆಂಕಿ ಬೆಂಕಿ ಎಂದು
ಮೆದುಳಿನವರೆಗೂ ಕೂಗು.
ಗಿಳಿಗೂ ಬಾಗಿಲುಂಟು. ಈ ಕೀಲಿಕೈ ಅಲ್ಲಿ ತಿರುಗುವುದಿಲ್ಲ.
ಇಲಿ ಕಡಿದರೆ ಬೀಜ ಪುಡಿ.
ಹಕ್ಕಿ ನುಂಗಿದರೆ ಇಡೀ ಬೀಜ
ಇನ್ನೊಬ್ಬರ ಹೊಲದಲ್ಲಿ ಬಿದ್ದು ಏಳುತ್ತದೆ.

ಓದಿ ಹೇಳಿದೆ. ಫಕ್ಕೀರವ್ವ ಕೈ ನಿಲ್ಲಿಸಲಿಲ್ಲ.
"ಅಂದ್ರ ಇದು ಗಿಳಿಗಿ ಕೊಟ್ಟ ಲಗ್ನದ ಪತ್ರ.
ನಮ್ಮನ್ನ ಕರದ ಇಲ್ಲ.
ನಾವ ಹೋಗಿ ಪಂಕ್ತ್ಯಾಗ ಕುಂತೀವಿ."
ಹನ್ನೊಂದೂ ಮಂದಿ ನಕ್ಕರು, ನಕ್ಕಿದ್ದಕ್ಕೆ ಕೆಮ್ಮಿದರು.

ಆಮೇಲೆ ನನಗೆ ಬಿಡುವಿಲ್ಲ.
ಹೊನ್ನವ್ವನದು: ತೊಳೆದರೂ ರಾತ್ರಿ ಕೈ ಯಾಕೆ ಉರಿಯುತ್ತದೆ?
ಖಾರ ನೀರಿಗೆ ಬಗ್ಗದು, ಎಣ್ಣೆಗೆ ಬಗ್ಗುತ್ತದೆ,
ಮೊದಲು ಎಣ್ಣೆ ತಿಕ್ಕಿ, ಆಮೇಲೆ ಸೋಪು.
"ಇದನ್ನ ನಮ್ಮತ್ತಿ ಹೇಳಿದ್ಲಲ್ಲ!"
ಮೇಡಮ್ಮನಿಗೆ ಅವತ್ತು ಅರ್ಧ ಮಾರ್ಕು.
ದಿಲ್ಶಾದಳದು, ನನ್ನ ಕಿವಿಯಲ್ಲಿ ಮಾತ್ರ:
ಕೂಸು ಮೊಲೆಯಿಂದ ಮುಖ ತಿರುವುತ್ತದೆ,
ತಪ್ಪು ಹಾಲಿನದೋ?
ಹೆಚ್ಚಾಗಿ ಕೈಯದು, ರವಿಕೆಯ ಧೂಳಿನದು,
ಹಾಲಿನದಿರಲಿಕ್ಕಿಲ್ಲ, ಎಂದಿತ್ತು.
ಆ ಸಾಲನ್ನು ದಿಲ್ಶಾದ ಮತ್ತೆ ಓದಿಸಿದಳು,
ಗುಪ್ಪೆಯ ಆಚೆ ಕೂತ ಅತ್ತೆಗೆ ಕೇಳುವಷ್ಟು ಜೋರಾಗಿ.

ಕೊನೆಗೆ ಫಕ್ಕೀರವ್ವ:
"ನನ್ನ ಕೈ ಉರಿಯೂದ ಬಿಟ್ಟು ಎಷ್ಟೋ ವರ್ಷ ಆತು.
ಗಿಳಿ ಆಗೇನೇನ ನಾನೂ?"

ಈ ಸಲ ಎಂಟು ದಿನ.
ಮತ್ತೆ ಮತ್ತೆ ಕೂಗಿಸಿದರೆ ನರ ದಣಿಯುತ್ತದೆ,
ಸುಮ್ಮನಾಗುತ್ತದೆ, ಹಲವು ವಾರಗಳ ಮಟ್ಟಿಗೆ ಇದನ್ನು ನೋಡಿದ್ದೇವೆ.
ಮೂವತ್ತು ವರ್ಷದ್ದು ನನಗೆ ಗೊತ್ತಿಲ್ಲ.
ಅವರನ್ನೇ ಕೇಳುತ್ತೀಯಾ?
ಸೂಜಿ ಚುಚ್ಚಿದರೆ ಗೊತ್ತಾಗುತ್ತದೆಯೇ,
ಮೊದಲು ಮಲಗಿದ್ದು ಯಾವ ಬೆರಳು,
ಕೆಲಸವಿಲ್ಲದ ತಿಂಗಳಲ್ಲಿ ಉರಿ ವಾಪಸು ಬರುತ್ತದೆಯೇ.

ಫಕ್ಕೀರವ್ವ ಮೊದಲ ಸಲ ಕೈ ನಿಲ್ಲಿಸಿದಳು.
ಅಂಗೈ ಮಗುಚಿ ನೋಡಿದಳು,
ಯಾರದೋ ಚೀಲ ತನ್ನ ಮನೆಗೆ ಬಂದಂತೆ.

"ಹಂಚಿನ ಮ್ಯಾಲಿನ ರೊಟ್ಟಿ ಬೊಟ್ಟಿಲೆ ಹೊಳ್ಳಸ್ತೀನಿ.
ಸುಟ್ಟಿದ್ದು ವಾಸನಿ ಬಂದ ಮ್ಯಾಲೆ ಗೊತ್ತಾಗ್ತೈತಿ.
ಮೊಮ್ಮಗನ ಜ್ವರ ಕೈಲೆ ನೋಡೂದಿಲ್ಲ,
ಗಲ್ಲದ್ಲೆ ನೋಡ್ತೀನಿ. ಬರಿ."

ಬರೆಯಲು ಹೋದೆ. ಡಿಕ್ಷನರಿಯಲ್ಲಿ
ಗಲ್ಲಕ್ಕೆ ಕೆನ್ನೆಯೂ ಇದೆ, ಗದ್ದವೂ ಇದೆ.
ಯಾವುದು ಎಂದು ಕೇಳಿದೆ.

ಗುಪ್ಪೆಯ ಮೇಲಿಂದ ಬಾಗಿ
ನನ್ನ ವೇಲು ಸರಿಸಿ
ತನ್ನ ಕೆನ್ನೆ ನನ್ನ ಹಣೆಗಿಟ್ಟಳು.
ಧೂಳು, ಬೆವರು, ಒಂದು ತಂಪು.
ನನಗೆ ಜ್ವರವಿರಲಿಲ್ಲ.
"ಹಿಂಗ," ಅಂದಳು. "ಹಿಂಗ ಬರಿ ಆಕಿಗಿ."